ಅಜ್ಟೆಕ್ ಸಾಮ್ರಾಜ್ಯ ಬಿದ್ದಿದ್ದು ಹೇಗೆ, ಉಳಿದಿದ್ದೇನು: ಪದೇ ಪದೇ ಕೇಳುವ ಪ್ರಶ್ನೆಗಳು

ಅಜ್ಟೆಕ್ ಸಾಮ್ರಾಜ್ಯದ ಮಾತು ಬಂದರೆ ಸಾಮಾನ್ಯವಾಗಿ ಕೇಳಿಸುವ ಕಥೆ ಒಂದೇ. ಐನೂರು ಜನ ಸ್ಪೇನಿನವರು ಹಡಗಿನಲ್ಲಿ ಬಂದರು, ಕುದುರೆ, ಫಿರಂಗಿ ನೋಡಿ ಜನ ಹೆದರಿದರು, ಎರಡು ವರ್ಷದಲ್ಲಿ ಎಲ್ಲ ಮುಗಿಯಿತು. ಈ ಕಥೆಯಲ್ಲಿ ಅಲ್ಲಿನ ಜನ ಸುಮ್ನೆ ನಿಂತು ಸೋತವರಾಗಿ ಮಾತ್ರ ಬರುತ್ತಾರೆ. ಅದು ನನಗೆ ಸರಿ ಕಾಣುವುದಿಲ್ಲ. ಆ ಯುದ್ಧದಲ್ಲಿ ಎರಡೂ ಕಡೆ ಹೋರಾಡಿದವರಲ್ಲಿ ಹೆಚ್ಚಿನವರು ಆ ನೆಲದವರೇ, ಆಮೇಲೆ ಕೂತು ಅದನ್ನು ಬರೆದಿಟ್ಟವರಲ್ಲೂ ಅವರಿದ್ದಾರೆ. ಆದ್ದರಿಂದ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಸ್ವಲ್ಪ ವಿವರವಾಗಿಯೇ ಉತ್ತರ ಬರೆದಿದ್ದೇನೆ.

ಅಜ್ಟೆಕ್ ಅಂದರೆ ಯಾರು?

ಇವತ್ತು ಮೆಕ್ಸಿಕೊ ಸಿಟಿ ಇರುವ ಕಡೆ ಆಗ ಟೆಸ್ಕೊಕೊ ಅನ್ನುವ ದೊಡ್ಡ ಸರೋವರ ಇತ್ತು. ಅದರ ನಡುವಿನ ದ್ವೀಪದಲ್ಲಿ ಸುಮಾರು 1325ರಲ್ಲಿ ಮೆಶಿಕಾ ಎಂಬ ಜನ ಟೆನೊಚ್ಟಿಟ್ಲಾನ್ ನಗರ ಕಟ್ಟಿದರು. ಅವರು ತಮ್ಮನ್ನು ಮೆಶಿಕಾ ಎಂದೇ ಕರೆದುಕೊಳ್ಳುತ್ತಿದ್ದರು, ಅಜ್ಟೆಕ್ ಎಂಬ ಹೆಸರು ಜನಪ್ರಿಯವಾಗಿದ್ದು ತೀರಾ ಆಮೇಲೆ. 1428ರಲ್ಲಿ ಟೆನೊಚ್ಟಿಟ್ಲಾನ್, ಟೆಸ್ಕೊಕೊ, ಟ್ಲಾಕೊಪಾನ್ ಎಂಬ ಮೂರು ನಗರಗಳು ಒಂದು ಕೂಟ ಮಾಡಿಕೊಂಡವು. ಈ ಕೂಟವನ್ನೇ ನಾವು ಅಜ್ಟೆಕ್ ಸಾಮ್ರಾಜ್ಯ ಅನ್ನುತ್ತೇವೆ.

ಇದು ಅಧಿಕಾರಿಗಳನ್ನು ಇಟ್ಟು ನೇರವಾಗಿ ಆಳುವ ರಾಜ್ಯ ಆಗಿರಲಿಲ್ಲ. ಸೋತ ಊರಿನ ದೊರೆಯನ್ನು ಬಹಳ ಕಡೆ ಅಲ್ಲೇ ಬಿಡುತ್ತಿದ್ದರು, ಆದರೆ ಅವನು ಕಪ್ಪ ಕೊಡಬೇಕು. ಹತ್ತಿ ಬಟ್ಟೆ, ಕೋಕೋ ಬೀಜ, ಹಕ್ಕಿ ಗರಿ, ಮೆಕ್ಕೆಜೋಳ, ಯೋಧರ ಉಡುಪು ಹೀಗೆ. ಯಾವ ಊರಿಂದ ಎಷ್ಟು ಬರಬೇಕು ಅಂತ ಚಿತ್ರದ ಲೆಕ್ಕಪುಸ್ತಕವನ್ನೇ ಇಟ್ಟಿದ್ದರು. ಕಪ್ಪ ಕೊಟ್ಟು ಕೊಟ್ಟು ಬೇಸತ್ತ ಊರುಗಳು ಸುತ್ತಲೂ ತುಂಬಾ ಇದ್ದವು. ಮುಂದಿನ ಕಥೆಗೆಲ್ಲ ಇದೇ ಬುಡ.

ನಗರದ ಜನಸಂಖ್ಯೆ 1.5ರಿಂದ 2 ಲಕ್ಷ ಇತ್ತೆಂದು ಸಾಮಾನ್ಯವಾಗಿ ಅಂದಾಜು ಮಾಡುತ್ತಾರೆ. ಸರೋವರದ ಆಳವಿಲ್ಲದ ಕಡೆ ಗೂಟ ನೆಟ್ಟು, ಬೇಲಿ ಹೆಣೆದು, ಒಳಗೆ ಜೊಂಡು ಮತ್ತು ತಳದ ಕೆಸರು ತುಂಬಿ ಹೊಲ ಮಾಡುತ್ತಿದ್ದರು. ಇವಕ್ಕೆ ಚಿನಾಂಪಾ ಅಂತ ಹೆಸರು. ನಾಲ್ಕೂ ಕಡೆ ನೀರು, ವರ್ಷಕ್ಕೆ ಹಲವು ಬೆಳೆ. ಪಕ್ಕದ ಟ್ಲಾಟೆಲೊಲ್ಕೊ ಸಂತೆಗೆ ದಿನಕ್ಕೆ 60,000 ಜನ ಸೇರುತ್ತಾರೆ ಎಂದು ಸ್ಪೇನಿನ ದಂಡಿನ ನಾಯಕ ಕೊರ್ಟೆಸ್ ತನ್ನ ರಾಜನಿಗೆ ಬರೆದಿದ್ದಾನೆ.

ಕೊರ್ಟೆಸ್‌ನನ್ನು ಸ್ಪೇನಿನ ರಾಜ ಕಳಿಸಿದ್ದನಾ?

ಇಲ್ಲ. ಹೆರ್ನಾನ್ ಕೊರ್ಟೆಸ್ ಹೊರಟಿದ್ದು ಕ್ಯೂಬಾದಿಂದ, 1519ರ ಫೆಬ್ರವರಿಯಲ್ಲಿ. ಅಲ್ಲಿನ ಗವರ್ನರ್ ದಿಯೆಗೊ ವೆಲಾಸ್ಕೆಸ್ ಮೊದಲು ಒಪ್ಪಿ, ಆಮೇಲೆ ಅನುಮಾನ ಬಂದು ತಡೆಯಲು ನೋಡಿದ. ಕೊರ್ಟೆಸ್ ಕೇಳಲಿಲ್ಲ, ಹೊರಟೇಬಿಟ್ಟ. 11 ಹಡಗು, ಸುಮಾರು 500 ಸೈನಿಕರು, 16 ಕುದುರೆ. ಕಾನೂನಿನ ಲೆಕ್ಕದಲ್ಲಿ ಅವನು ಬಂಡುಕೋರ. ಅದಕ್ಕೇ ದಡ ಸೇರಿದ ಕೂಡಲೇ ವೆರಾಕ್ರೂಸ್ ಎಂಬ ಪಟ್ಟಣ ಸ್ಥಾಪಿಸಿ, ಆ ಪಟ್ಟಣದ ಸಭೆಯಿಂದಲೇ ತನಗೆ ಅಧಿಕಾರ ಕೊಡಿಸಿಕೊಂಡು, ನೇರವಾಗಿ ರಾಜ ಚಾರ್ಲ್ಸ್‌ಗೆ ಪತ್ರ ಬರೆಯಲು ಶುರು ಮಾಡಿದ. ಆ ಪತ್ರಗಳನ್ನು ಓದುವಾಗ ಇದನ್ನು ಮರೆಯಬಾರದು. ತನ್ನ ತಲೆ ಉಳಿಸಿಕೊಳ್ಳಬೇಕಾದವನು ಬರೆದ ಪತ್ರಗಳು ಅವು.

ಹಡಗುಗಳನ್ನು ಸುಟ್ಟ ಅನ್ನುವುದು ಸುಳ್ಳು. ಯಾರೂ ವಾಪಸ್ ಓಡಬಾರದು ಅಂತ ದಡಕ್ಕೆ ಹತ್ತಿಸಿ ಒಡೆಸಿದ. ಹಗ್ಗ, ಹಾಯಿ, ಕಬ್ಬಿಣದ ಸಾಮಾನು ಎಲ್ಲ ಜೋಪಾನ ಮಾಡಿಸಿದ. ಅವು ಆಮೇಲೆ ಉಪಯೋಗಕ್ಕೆ ಬಂದವು.

ಅಷ್ಟು ಕಡಿಮೆ ಜನ ಅಷ್ಟು ದೊಡ್ಡ ನಗರವನ್ನು ಗೆದ್ದಿದ್ದು ಹೇಗೆ?

ಅವರೊಬ್ಬರೇ ಗೆಲ್ಲಲಿಲ್ಲ. ಈ ಇಡೀ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯ ನಿಮಗಿದ್ದರೆ ಇದನ್ನು ಓದಿ.

ಕರಾವಳಿಯ ಸೆಂಪೊವಾಲಾದ ಟೊಟೊನಾಕ್ ಜನ ಮೊದಲು ಕೊರ್ಟೆಸ್ ಜೊತೆ ಸೇರಿದರು, ಯಾಕೆಂದರೆ ಅವರಿಗೆ ಕಪ್ಪದಿಂದ ಬಿಡುಗಡೆ ಬೇಕಿತ್ತು. ಆಮೇಲೆ ಟ್ಲಾಸ್ಕಾಲಾ. ಇದು ಟೆನೊಚ್ಟಿಟ್ಲಾನ್‌ಗೆ ಎಂದೂ ತಲೆಬಾಗದ ಪುಟ್ಟ ರಾಜ್ಯ. ಸುತ್ತಲೂ ಶತ್ರುಗಳ ನಾಡು ಇದ್ದುದರಿಂದ ಉಪ್ಪು, ಹತ್ತಿ ಕೂಡ ಅಲ್ಲಿಗೆ ಸರಿಯಾಗಿ ಬರುತ್ತಿರಲಿಲ್ಲ. 1519ರ ಸೆಪ್ಟೆಂಬರ್‌ನಲ್ಲಿ ಟ್ಲಾಸ್ಕಾಲಾದವರು ಮೊದಲು ಸ್ಪೇನಿನವರ ಮೇಲೆ ಬಿದ್ದು ಚೆನ್ನಾಗಿಯೇ ಹೊಡೆದರು. ಇನ್ನು ಕೆಲವು ದಿನ ಹೊಡೆದಿದ್ದರೆ ಕೊರ್ಟೆಸ್ ಕಥೆ ಅಲ್ಲೇ ಮುಗಿಯುತ್ತಿತ್ತೇನೋ. ಆದರೆ ಅವರ ದೊರೆಗಳು ಕೂತು ಯೋಚಿಸಿದರು: ಈ ಹೊಸಬರನ್ನು ಕೊಂದು ಏನು ಪ್ರಯೋಜನ, ಇವರನ್ನು ಮೆಶಿಕಾಗಳ ಮೇಲೆ ಬಿಡಬಹುದಲ್ವಾ? ಅದು ಅವರ ಲೆಕ್ಕಾಚಾರ, ಅವರ ರಾಜಕೀಯ. ಸ್ಪೇನಿನವರ ಜಾಣತನ ಅಂತ ಅದನ್ನು ಪೂರ್ತಿ ಕೊರ್ಟೆಸ್ ಖಾತೆಗೆ ಹಾಕುವುದು ತಪ್ಪು.

ಕೊನೆಯ ಮುತ್ತಿಗೆಯ ಹೊತ್ತಿಗೆ ಸ್ಪೇನಿನ ಸೈನಿಕರು ಸಾವಿರದ ಆಸುಪಾಸಿನಲ್ಲಿದ್ದರೆ, ಅವರ ಜೊತೆಗಿದ್ದ ಸ್ಥಳೀಯ ಯೋಧರು ಹತ್ತಾರು ಸಾವಿರ. ಟ್ಲಾಸ್ಕಾಲಾ, ವೆಹೊತ್ಸಿಂಕೊ, ಚಾಲ್ಕೊ, ಕೊನೆಗೆ ಕೂಟದ್ದೇ ನಗರವಾದ ಟೆಸ್ಕೊಕೊದ ಒಂದು ಬಣ ಕೂಡ. ದಾರಿ ತೋರಿಸಿದವರು, ಊಟ ಕೊಟ್ಟವರು, ಸಾಮಾನು ಹೊತ್ತವರು ಎಲ್ಲ ಅವರೇ. ಉಕ್ಕಿನ ಕತ್ತಿ, ಕುದುರೆ, ಫಿರಂಗಿ ಸಹಾಯ ಮಾಡಿದ್ದು ನಿಜ, ಬಯಲಿನಲ್ಲಿ ಕುದುರೆಗೆ ಎದುರು ನಿಲ್ಲುವುದು ಕಷ್ಟ. ಆದರೆ ನೀರಿನ ನಡುವಿನ ನಗರದಲ್ಲಿ, ಮನೆ ಮಾಳಿಗೆಗಳಿಂದ ಕಲ್ಲು ಬೀಳುವ ಕಡೆ, ಕುದುರೆ ಏನು ಮಾಡೀತು?

ಕೊರ್ಟೆಸ್‌ನನ್ನು ದೇವರು ಅಂದುಕೊಂಡರಂತೆ, ಹೌದಾ?

ಕ್ವೆಟ್ಸಾಲ್ಕೊವಾಟ್ಲ್ ಎಂಬ ದೇವರು ಪೂರ್ವದಿಂದ ವಾಪಸ್ ಬಂದ ಅಂತ ಟೆನೊಚ್ಟಿಟ್ಲಾನ್‌ನ ದೊರೆ ಮೊಕ್ಟೆಜುಮಾ ನಂಬಿದ ಅನ್ನುವ ಕಥೆ ಎಲ್ಲ ಕಡೆ ಇದೆ, ಶಾಲೆ ಪುಸ್ತಕಗಳಲ್ಲೂ ಇದೆ. ಆದರೆ ಕೊರ್ಟೆಸ್ ತನ್ನ ಪತ್ರಗಳಲ್ಲಿ ಈ ದೇವರ ಹೆಸರನ್ನೇ ಎತ್ತುವುದಿಲ್ಲ. ತನ್ನನ್ನು ದೇವರೆಂದು ಪೂಜಿಸಿದ್ದರೆ ಅವನು ಅದನ್ನು ಬರೆಯದೆ ಬಿಡುತ್ತಿದ್ದನಾ? ಕಥೆ ಮೂಡಿದ್ದು ಯುದ್ಧ ಮುಗಿದು ದಶಕಗಳಾದ ಮೇಲೆ. ಸೋಲಿಗೆ ಕಾರಣ ಹುಡುಕುತ್ತಿದ್ದ ಸ್ಥಳೀಯರಿಗೂ ಅದು ಬೇಕಾಗಿತ್ತು, ನಾವು ಬಂದಿದ್ದು ದೈವಸಂಕಲ್ಪ ಅನ್ನುತ್ತಿದ್ದ ಪಾದ್ರಿಗಳಿಗೂ ಬೇಕಾಗಿತ್ತು. ಇವತ್ತಿನ ಇತಿಹಾಸಕಾರರಲ್ಲಿ ಹೆಚ್ಚಿನವರು ಇದನ್ನು ಒಪ್ಪುವುದಿಲ್ಲ.

ಮಾಲಿಂಚೆ ದ್ರೋಹಿಯಾ?

ಮಾಲಿಂಚೆ ಅಂದರೆ ಕೊರ್ಟೆಸ್‌ಗೆ ದುಭಾಷಿಯಾಗಿದ್ದ ಹೆಂಗಸು. ಮೆಕ್ಸಿಕೊದಲ್ಲಿ ಈ ಪ್ರಶ್ನೆಗೆ ಇವತ್ತಿಗೂ ಜಗಳ ನಡೆಯುತ್ತದೆ. ಪರದೇಶದ್ದೇ ಮೇಲು ಅನ್ನುವ ಗುಣವನ್ನು ಅಲ್ಲಿ ಬೈಯುವುದೇ ಅವಳ ಹೆಸರಿನಿಂದ, ಮಾಲಿಂಚಿಸ್ಮೊ ಅಂತ.

ನನ್ನ ಉತ್ತರ: ಇಲ್ಲ. ಅವಳ ಸ್ಥಿತಿ ನೋಡಿ. ಮೆಶಿಕಾಗಳ ಭಾಷೆಯಾದ ನಾವಾಟ್ಲ್ ಮಾತಾಡುವ ಕಡೆ ಹುಟ್ಟಿದವಳು, ಚಿಕ್ಕ ವಯಸ್ಸಿನಲ್ಲೇ ಮಾಯಾ ಜನರ ನಾಡಿಗೆ ದಾಸಿಯಾಗಿ ಹೋದಳು. 1519ರಲ್ಲಿ ಟಬಾಸ್ಕೊದಲ್ಲಿ ಸೋತವರು ಸ್ಪೇನಿನವರಿಗೆ ಕೊಟ್ಟ 20 ಹೆಂಗಸರಲ್ಲಿ ಅವಳೂ ಒಬ್ಬಳು. ಅವಳನ್ನು ಮಾರಿದವರಿಗೆ ಅವಳು ಯಾವ ನಿಷ್ಠೆ ತೋರಿಸಬೇಕಿತ್ತು? ಮೆಶಿಕಾಗಳು ಅವಳ ಜನ ಅಲ್ಲವೇ ಅಲ್ಲ. ಆಗ 'ಮೆಕ್ಸಿಕೊ ದೇಶ' ಅಂತ ಒಂದು ಇರಲೂ ಇಲ್ಲ.

ಅವಳ ಕೆಲಸ ಹೇಗಿತ್ತು ಅಂದರೆ, ಕೊರ್ಟೆಸ್ ಸ್ಪ್ಯಾನಿಷ್‌ನಲ್ಲಿ ಹೇಳಿದ್ದನ್ನು ಹೆರೋನಿಮೊ ದೆ ಅಗಿಲಾರ್ ಎಂಬವನು ಮಾಯಾ ಭಾಷೆಗೆ ತರುತ್ತಿದ್ದ. ಅವನು ಹಿಂದೆ ಹಡಗು ಒಡೆದು ಮಾಯಾ ಜನರ ನಡುವೆ ವರ್ಷಗಟ್ಟಲೆ ಇದ್ದವನು. ಅವನ ಮಾಯಾ ಮಾತನ್ನು ಅವಳು ನಾವಾಟ್ಲ್‌ಗೆ ತಿರುಗಿಸುತ್ತಿದ್ದಳು. ಬೇಗನೆ ಸ್ಪ್ಯಾನಿಷ್ ಕಲಿತಳು, ಅಗಿಲಾರ್ ಬೇಕಾಗಲಿಲ್ಲ. ದೊರೆಯ ಮುಂದೆ ಆಡುವ ಗೌರವದ ನಾವಾಟ್ಲ್ ಬೇರೆಯೇ ಇತ್ತು, ಅದನ್ನೂ ಅವಳು ಬಲ್ಲವಳಾಗಿದ್ದಳು. ಸ್ಥಳೀಯರು ಅವಳನ್ನು ಮರ್ಯಾದೆಯಿಂದ ಮಾಲಿಂಟ್ಸಿನ್ ಎಂದರು, ಕೊರ್ಟೆಸ್‌ನನ್ನೂ ಅವಳ ಹೆಸರಿನಿಂದಲೇ ಕರೆದರು. ಟ್ಲಾಸ್ಕಾಲಾದವರು ಬರೆಸಿದ ಚಿತ್ರಗಳಲ್ಲಿ ಮಾತುಕತೆಯ ನಡುವೆ ನಿಂತಿರುವವಳು ಅವಳೇ. ಕೊರ್ಟೆಸ್‌ನಿಂದ ಅವಳಿಗೆ ಮಾರ್ಟಿನ್ ಎಂಬ ಮಗ ಹುಟ್ಟಿದ. ಆಮೇಲೆ ಹುವಾನ್ ಹರಾಮಿಯೊ ಎಂಬ ಸ್ಪೇನಿನವನ ಜೊತೆ ಮದುವೆಯಾಯಿತು. ಅವಳು ಸ್ವತಃ ಬರೆದ ಒಂದು ಸಾಲೂ ನಮಗೆ ಉಳಿದಿಲ್ಲ. ಬೇರೆಯವರು ಬರೆದಿದ್ದರಲ್ಲೇ ಅವಳನ್ನು ಹುಡುಕಬೇಕು. ಬೇಜಾರಿನ ಸಂಗತಿ ಅದು.

ಮೊಕ್ಟೆಜುಮಾ ಸತ್ತಿದ್ದು ಹೇಗೆ?

1519ರ ನವೆಂಬರ್ 8ರಂದು ಕೊರ್ಟೆಸ್ ಟೆನೊಚ್ಟಿಟ್ಲಾನ್ ಒಳಗೆ ಹೋದ. ಹೋಗುವ ದಾರಿಯಲ್ಲಿ ಚೊಲುಲಾ ಊರಿನಲ್ಲಿ ದೊಡ್ಡ ಹತ್ಯಾಕಾಂಡ ಮಾಡಿಯೇ ಹೋಗಿದ್ದ. ಮೊಕ್ಟೆಜುಮಾ ಅತಿಥಿಗಳೆಂದು ಕರೆದುಕೊಂಡ, ಸ್ವಲ್ಪ ದಿನದಲ್ಲೇ ಅತಿಥಿಗಳ ಕೈಯಲ್ಲಿ ಸೆರೆಯಾದ.

ಮರುವರ್ಷ ವೆಲಾಸ್ಕೆಸ್ ಕಳಿಸಿದ ಪಾನ್‌ಫಿಲೊ ದೆ ನಾರ್ವಾಯೆಸ್ ಎಂಬವನು ಕೊರ್ಟೆಸ್‌ನನ್ನು ಹಿಡಿಯಲು ಕರಾವಳಿಗೆ ಬಂದ. ಕೊರ್ಟೆಸ್ ಅವನನ್ನು ಎದುರಿಸಲು ಹೋದಾಗ ನಗರದಲ್ಲಿ ಪೆದ್ರೊ ದೆ ಅಲ್ವರಾಡೊನನ್ನು ಬಿಟ್ಟಿದ್ದ. ಮೇ ತಿಂಗಳು, ಟೋಶ್ಕಾಟ್ಲ್ ಹಬ್ಬ. ಅಂಗಳದಲ್ಲಿ ಕುಣಿಯುತ್ತಿದ್ದ ನಿರಾಯುಧ ಗಣ್ಯರನ್ನು, ಬಾಗಿಲು ಮುಚ್ಚಿ, ಅಲ್ವರಾಡೊನ ಜನ ಕೊಚ್ಚಿ ಹಾಕಿದರು. ಮೊದಲು ಡೋಲು ಬಾರಿಸುತ್ತಿದ್ದವನ ಕೈಗಳನ್ನೇ ಕಡಿದರು ಎಂದು ನಾವಾಟ್ಲ್ ವರದಿ ಹೇಳುತ್ತದೆ. ಇಡೀ ನಗರ ತಿರುಗಿ ಬಿತ್ತು.

ಜೂನ್ ಕೊನೆಯಲ್ಲಿ ಮೊಕ್ಟೆಜುಮಾ ಸತ್ತ. ಅವನ ಜನವೇ ಕಲ್ಲು ಹೊಡೆದರು ಅನ್ನುತ್ತಾರೆ ಸ್ಪೇನಿನವರು. ಸ್ಪೇನಿನವರೇ ಕೊಂದರು ಅನ್ನುತ್ತವೆ ಹಲವು ಸ್ಥಳೀಯ ದಾಖಲೆಗಳು. ಇದು ಇನ್ನೂ ತೀರ್ಮಾನವಾಗಿಲ್ಲ.

ಜೂನ್ 30ರ ರಾತ್ರಿ ಸ್ಪೇನಿನವರು ಟ್ಲಾಕೊಪಾನ್ ಕಡೆಯ ಏರಿಯ ಮೇಲೆ ಓಡಿದರು. ಸೇತುವೆಗಳನ್ನು ತೆಗೆದುಹಾಕಲಾಗಿತ್ತು, ಎರಡೂ ಕಡೆಯಿಂದ ದೋಣಿಗಳಲ್ಲಿ ಯೋಧರು. ನೂರಾರು ಸ್ಪೇನಿನವರು, ಅವರಿಗಿಂತ ಜಾಸ್ತಿ ಟ್ಲಾಸ್ಕಾಲಾದವರು ಸತ್ತರು. ಹಲವರು ಮೈಗೆ ಕಟ್ಟಿಕೊಂಡಿದ್ದ ಚಿನ್ನದ ಭಾರಕ್ಕೆ ನೀರಿನಲ್ಲಿ ಮುಳುಗಿದರು. 1981ರಲ್ಲಿ ಮೆಕ್ಸಿಕೊ ಸಿಟಿಯ ಅಲಾಮೆಡಾ ಉದ್ಯಾನದ ಹತ್ತಿರ ಕಟ್ಟಡಕ್ಕೆ ಅಗೆಯುವಾಗ ಒಂದು ಚಿನ್ನದ ಗಟ್ಟಿ ಸಿಕ್ಕಿತು. ಉದ್ದ 26 ಸೆಂಟಿಮೀಟರ್, ತೂಕ ಎರಡು ಕಿಲೋಗೆ ಸ್ವಲ್ಪ ಕಡಿಮೆ, ಸ್ವಲ್ಪ ಬಾಗಿದೆ. ಒಡವೆ ಕರಗಿಸಿ, ಸೊಂಟದ ಪಟ್ಟಿಯೊಳಗೆ ಹೊಂದುವ ಹಾಗೆ ಎರಕ ಹೊಯ್ದಿದ್ದರು. 2020ರಲ್ಲಿ ಅದರ ಲೋಹ ಪರೀಕ್ಷೆ ಮಾಡಿ, ಇದು ಆ ರಾತ್ರಿಯ ಲೂಟಿಯದ್ದೇ ಎಂದು ಹೇಳಿದರು. ಎಂಥ ಕುಸುರಿ ಕೆಲಸದ ಒಡವೆಗಳು ಅದರಲ್ಲಿ ಕರಗಿಹೋದವೋ! ಅದೇ 1520ರಲ್ಲಿ ಬ್ರಸೆಲ್ಸ್‌ಗೆ ಬಂದಿದ್ದ ಅಜ್ಟೆಕ್ ವಸ್ತುಗಳನ್ನು ನೋಡಿದ ಜರ್ಮನ್ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ ತನ್ನ ದಿನಚರಿಯಲ್ಲಿ ಬೆರಗಾಗಿ ಬರೆದಿದ್ದಾನೆ.

ಸಿಡುಬಿನ ಪಾತ್ರ ಎಷ್ಟು?

ತುಂಬಾ ದೊಡ್ಡದು. ನಾರ್ವಾಯೆಸ್‌ನ ಹಡಗುಗಳ ಜೊತೆ ಸಿಡುಬು ಬಂತು. ಸ್ಪೇನಿನವರನ್ನು ಓಡಿಸಿ ಊರು ಉಸಿರಾಡುತ್ತಿದ್ದಾಗಲೇ, 1520ರ ಕೊನೆಯ ತಿಂಗಳುಗಳಲ್ಲಿ, ರೋಗ ನಗರಕ್ಕೆ ಹೊಕ್ಕಿತು. ಮುಖ, ತಲೆ, ಎದೆ ಎಲ್ಲ ಕಡೆ ಹುಣ್ಣು. ಮಗ್ಗುಲು ಬದಲಿಸಲು ಆಗುತ್ತಿರಲಿಲ್ಲ, ಅಲುಗಿದರೆ ಚೀರುತ್ತಿದ್ದರು. ಎಲ್ಲರೂ ಒಟ್ಟಿಗೆ ಮಲಗಿದ್ದರಿಂದ ಗಂಜಿ ಕಾಯಿಸಿ ಕೊಡುವವರಿಲ್ಲದೆ ಹಸಿವಿನಿಂದಲೇ ಎಷ್ಟೋ ಜನ ಸತ್ತರು. ಇದು ಬದುಕುಳಿದವರು ಹೇಳಿ ಬರೆಸಿದ ಮಾತು. ಮೊಕ್ಟೆಜುಮಾನ ನಂತರ ಪಟ್ಟಕ್ಕೆ ಬಂದ, ಆ ರಾತ್ರಿ ಸ್ಪೇನಿನವರನ್ನು ಓಡಿಸಿದ ಕ್ವಿಟ್ಲಾವಾಕ್ ಮೂರು ತಿಂಗಳೊಳಗೆ ಸಿಡುಬಿಗೆ ಬಲಿಯಾದ.

ಆದರೆ ಸಿಡುಬು ಒಂದೇ ಅಲ್ಲ. 1545ರಲ್ಲಿ, ಮತ್ತೆ 1576ರಲ್ಲಿ ಕೊಕೊಲಿಸ್ಟ್ಲಿ ಎಂಬ ಮಹಾಪಿಡುಗು ಬಂತು. ಕಣ್ಣು, ಮೂಗಿನಿಂದ ರಕ್ತ. 2018ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಒವಹಾಕಾದ ಸ್ಮಶಾನದ ಹಲ್ಲುಗಳಲ್ಲಿ ಸಾಲ್ಮೊನೆಲ್ಲಾದ ಒಂದು ಬಗೆ ಇದ್ದುದನ್ನು ಪತ್ತೆ ಮಾಡಿತು. ಜೊತೆಗೆ ಬಿಟ್ಟಿ ದುಡಿಮೆ, ಗಣಿ, ಕ್ಷಾಮ. ದೇಹ ದಣಿದಿದ್ದರೆ ರೋಗಕ್ಕೆ ಕೆಲಸ ಸುಲಭ. ಎಲ್ಲವನ್ನೂ ರೋಗಾಣುವಿನ ಮೇಲೆ ಹಾಕಿ ಮನುಷ್ಯರನ್ನು ಬಿಟ್ಟುಬಿಡುವುದು ನ್ಯಾಯ ಅಲ್ಲ. ನೂರು ವರ್ಷದಲ್ಲಿ ಮಧ್ಯ ಮೆಕ್ಸಿಕೊದ ಸ್ಥಳೀಯ ಜನಸಂಖ್ಯೆ ಹತ್ತಿರ ಹತ್ತಿರ 10 ಲಕ್ಷಕ್ಕೆ ಇಳಿದಿತ್ತು. ಮೊದಲು ಎಷ್ಟಿತ್ತು ಅನ್ನುವುದರಲ್ಲಿ ವಿದ್ವಾಂಸರ ನಡುವೆ ಭಾರಿ ವ್ಯತ್ಯಾಸ ಇದೆ, ಆದರೆ ಅದು ಹಲವು ಪಟ್ಟು ಜಾಸ್ತಿ ಇತ್ತು ಅನ್ನುವುದರಲ್ಲಿ ಇಲ್ಲ.

ಕೊನೆಯ ಮುತ್ತಿಗೆ ಹೇಗೆ ನಡೆಯಿತು?

ಕೊರ್ಟೆಸ್‌ಗೆ ಅರ್ಥವಾಗಿತ್ತು, ನೀರು ಹಿಡಿದವನಿಗೆ ನಗರ. ಮಾರ್ಟಿನ್ ಲೋಪೆಸ್ ಎಂಬ ಹಡಗು ಕಟ್ಟುವವನಿಂದ ಟ್ಲಾಸ್ಕಾಲಾದಲ್ಲಿ 13 ಸಣ್ಣ ಯುದ್ಧನೌಕೆಗಳಿಗೆ ಮರ ಕೊಯ್ಸಿದ. ವೆರಾಕ್ರೂಸ್‌ನಲ್ಲಿ ಎತ್ತಿಟ್ಟಿದ್ದ ಹಗ್ಗ, ಹಾಯಿ ಬಂದವು. ಬಿಡಿಭಾಗಗಳನ್ನು ಸಾವಿರಾರು ಟ್ಲಾಸ್ಕಾಲಾ ಹಮಾಲರು ಹೆಗಲ ಮೇಲೆ ಬೆಟ್ಟ ದಾಟಿಸಿ ಟೆಸ್ಕೊಕೊಗೆ ತಂದರು. ಅಲ್ಲಿ ಕಾಲುವೆ ಅಗೆದು ಜೋಡಿಸಿ ಸರೋವರಕ್ಕೆ ಇಳಿಸಿದರು.

1521ರ ಮೇ ಕೊನೆಯಲ್ಲಿ ಚಪುಲ್ಟೆಪೆಕ್‌ನಿಂದ ಬರುವ ಕುಡಿಯುವ ನೀರಿನ ಕಾಲುವೆ ಒಡೆದರು. ಸರೋವರದ ನೀರು ಉಪ್ಪು. ಜನ ಹಲ್ಲಿ, ಗುಬ್ಬಿಯಂಥ ಹಕ್ಕಿ, ಮೆಕ್ಕೆಜೋಳದ ದಂಟು, ಕೊನೆಗೆ ಚರ್ಮ ಬೇಯಿಸಿ ತಿಂದರು. ಹೊಸ ದೊರೆ ಕ್ವಾವ್ಟೆಮೊಕ್ ಬೀದಿ ಬೀದಿಯಲ್ಲಿ ಹೋರಾಡಿಸಿದ. ಒಂದೊಂದು ಮನೆ ಕೆಡವಿ ಅದೇ ಮಣ್ಣಿನಿಂದ ಕಾಲುವೆ ಮುಚ್ಚುತ್ತಾ ಶತ್ರುಗಳು ಮುಂದೆ ಬಂದರು. ಆಗಸ್ಟ್ 13ರಂದು ಟ್ಲಾಟೆಲೊಲ್ಕೊದಲ್ಲಿ ಎಲ್ಲ ಮುಗಿಯಿತು. ಚಿನ್ನ ಎಲ್ಲಿ ಅಂತ ಕ್ವಾವ್ಟೆಮೊಕ್‌ನ ಪಾದ ಸುಟ್ಟರು. 1525ರಲ್ಲಿ ಹೊಂಡುರಾಸ್ ದಂಡಯಾತ್ರೆಯ ದಾರಿಯಲ್ಲಿ ಗಲ್ಲಿಗೆ ಹಾಕಿದರು.

ನರಬಲಿ ಕೊಡುತ್ತಿದ್ದುದು ನಿಜವಾ, ಅಥವಾ ಅಪಪ್ರಚಾರವಾ?

ನಿಜ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. 2015ರಿಂದ ಮೆಕ್ಸಿಕೊ ಸಿಟಿಯಲ್ಲಿ ಅಗೆದ ತಲೆಬುರುಡೆ ಗೋಪುರದಲ್ಲಿ 600ಕ್ಕೂ ಹೆಚ್ಚು ಬುರುಡೆ ಸಿಕ್ಕಿವೆ, ಅದರಲ್ಲಿ ಹೆಂಗಸರದ್ದೂ ಮಕ್ಕಳದ್ದೂ ಇವೆ. ಆದರೆ 1487ರಲ್ಲಿ ಒಂದೇ ಉತ್ಸವಕ್ಕೆ 80,000 ಜನರನ್ನು ಕೊಂದರು ಅನ್ನುವಂಥ ಸಂಖ್ಯೆಗಳನ್ನು ಯಾರೂ ಈಗ ನಂಬುವುದಿಲ್ಲ. ಇಷ್ಟಕ್ಕೂ ಬಲಿ ನಿಲ್ಲಿಸಲು ಬಂದೆವು ಎಂದವರು ಹಬ್ಬದ ಅಂಗಳದಲ್ಲಿ ಮಾಡಿದ್ದೇನು ಅಂತ ಮೇಲೆ ಓದಿದಿರಿ.

ಸ್ಪೇನಿನ ಜೊತೆ ಸೇರಿದ ಟ್ಲಾಸ್ಕಾಲಾಗೆ ಏನು ಸಿಕ್ಕಿತು?

ಸ್ವಲ್ಪ ಸಿಕ್ಕಿತು. ತಮ್ಮದೇ ಆಡಳಿತ, ಲಾಂಛನ, ಗಣ್ಯರಿಗೆ ಕುದುರೆ ಏರುವ ಹಕ್ಕು. ಅದಕ್ಕಾಗಿ ಪದೇ ಪದೇ ಸ್ಪೇನಿಗೆ ನಿಯೋಗ ಕಳಿಸಿದರು, ನಾವು ಸೋತವರಲ್ಲ, ಗೆದ್ದವರ ಪಾಲುದಾರರು ಎಂದು ಬಟ್ಟೆಯ ಮೇಲೆ ಇಡೀ ಯುದ್ಧದ ಚಿತ್ರ ಬರೆಸಿದರು. ಉಳಿದ ಊರುಗಳನ್ನು ಎಂಕೊಮಿಯೆಂಡಾ ಎಂಬ ಪದ್ಧತಿಯಲ್ಲಿ ಸ್ಪೇನಿನ ಸೈನಿಕರಿಗೆ ಹಂಚಿದರು, ಊರಿನ ದುಡಿಮೆ ಮತ್ತು ಕಪ್ಪ ಅವರ ಪಾಲು. ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಎಂಬ ಪಾದ್ರಿ ಇದರ ವಿರುದ್ಧ ಜೀವನಪೂರ್ತಿ ಹೋರಾಡಿದ. 1542ರಲ್ಲಿ ಹೊಸ ಕಾನೂನು ಬಂತು, ಆದರೆ ವಸಾಹತಿನ ಸ್ಪೇನಿನವರು ಅದನ್ನು ಸುಲಭಕ್ಕೆ ಜಾರಿಯಾಗಲು ಬಿಡಲಿಲ್ಲ.

ಅಜ್ಟೆಕ್ ಪುಸ್ತಕಗಳೆಲ್ಲ ಸುಟ್ಟುಹೋದವಾ?

ಹೆಚ್ಚಿನವು ಹೋದವು. ಯುದ್ಧದ ಬೆಂಕಿಯಲ್ಲಿ ಕೆಲವು, ಪಾದ್ರಿಗಳ ಬೆಂಕಿಯಲ್ಲಿ ಕೆಲವು. ಖಚಿತವಾಗಿ ಟೆನೊಚ್ಟಿಟ್ಲಾನ್‌ನದ್ದೇ, ಯುದ್ಧಕ್ಕೆ ಮುಂಚಿನದ್ದೇ ಅಂತ ಎಲ್ಲರೂ ಒಪ್ಪುವ ಒಂದು ಪುಸ್ತಕವೂ ಉಳಿದಿಲ್ಲ.

ಆದರೆ ಇಲ್ಲಿಂದ ಮುಂದಿನ ಕಥೆ ಜಾಸ್ತಿ ಜನಕ್ಕೆ ಗೊತ್ತಿಲ್ಲ. 1536ರಲ್ಲಿ ಟ್ಲಾಟೆಲೊಲ್ಕೊದಲ್ಲಿ ಫ್ರಾನ್ಸಿಸ್ಕನ್ ಪಾದ್ರಿಗಳು ಸ್ಥಳೀಯ ಗಣ್ಯರ ಹುಡುಗರಿಗೆ ಕಾಲೇಜು ತೆರೆದರು. ಸೋತ ಜನರ ಮಕ್ಕಳು ಲ್ಯಾಟಿನ್ ಕಲಿತು, ತಮ್ಮ ನಾವಾಟ್ಲ್ ಭಾಷೆಯನ್ನು ರೋಮನ್ ಲಿಪಿಯಲ್ಲಿ ಬರೆಯಲು ಶುರು ಮಾಡಿದರು. ಬೆರ್ನಾರ್ಡಿನೊ ದೆ ಸಹಗುನ್ ಎಂಬ ಪಾದ್ರಿ ಇವರ ಜೊತೆ ಕೂತು, ಊರ ಹಿರಿಯರನ್ನು ಕೇಳಿ ಕೇಳಿ, ದಶಕಗಳ ಕಾಲ ಕೆಲಸ ಮಾಡಿದ. ಅಂತೋನಿಯೊ ವಲೆರಿಯಾನೊ, ಮಾರ್ಟಿನ್ ಹಕೊಬಿಟಾ ಮೊದಲಾದ ನಾವಾ (ನಾವಾಟ್ಲ್ ಮಾತಾಡುವ) ವಿದ್ವಾಂಸರ ಹೆಸರುಗಳನ್ನು ಅವನೇ ದಾಖಲಿಸಿದ್ದಾನೆ. ಫಲ, 12 ಪುಸ್ತಕಗಳ ಫ್ಲೋರೆಂಟೈನ್ ಕೋಡೆಕ್ಸ್ ಎಂಬ ಕೈಬರಹದ ಗ್ರಂಥ. ಒಂದು ಕಡೆ ನಾವಾಟ್ಲ್, ಪಕ್ಕದಲ್ಲಿ ಸ್ಪ್ಯಾನಿಷ್, ಸುಮಾರು 2,500 ಚಿತ್ರ. ದೇವರು, ಹಬ್ಬ, ಔಷಧಿ, ಸಂತೆ, ಗರಿ ಕೆಲಸ, ಹಕ್ಕಿ, ಮೀನು, ಮಕ್ಕಳಿಗೆ ಹೇಳುವ ಬುದ್ಧಿಮಾತು ಎಲ್ಲ ಅದರಲ್ಲಿದೆ. 12ನೇ ಪುಸ್ತಕ ಪೂರ್ತಿ ಯುದ್ಧದ್ದು, ಸೋತವರ ಬಾಯಲ್ಲಿ.

ಕೆಲಸ ಕೊನೆಗೆ ಬರುವಾಗ 1576ರ ಪಿಡುಗು ಬಂತು. ಬರಹಗಾರರು, ಚಿತ್ರಕಾರರು ಕಾಲೇಜಿನೊಳಗೇ ಉಳಿದು ಕೆಲಸ ಮುಂದುವರಿಸಿದರು. ಹೊರಗಿನಿಂದ ಬಣ್ಣ ಬರುವುದು ಕಡಿಮೆಯಾಯಿತು. 12ನೇ ಪುಸ್ತಕಕ್ಕೆ ಬಂದರೆ ಚಿತ್ರಗಳು ಹೆಚ್ಚುಕಡಿಮೆ ಎಲ್ಲ ಬರೀ ಕಪ್ಪು ಶಾಯಿಯಲ್ಲಿವೆ. 1577ರಲ್ಲಿ ರಾಜ ಎರಡನೇ ಫಿಲಿಪ್ ಸಹಗುನ್‌ನ ಬರಹಗಳನ್ನೆಲ್ಲ ವಶಪಡಿಸಿಕೊಳ್ಳಲು ಆಜ್ಞೆ ಮಾಡಿದ. ಹಾಗಿದ್ದರೂ ಪ್ರತಿ ಇಟಲಿ ಸೇರಿ ಉಳಿಯಿತು, ಇವತ್ತು ಫ್ಲೋರೆನ್ಸ್‌ನ ಗ್ರಂಥಾಲಯದಲ್ಲಿದೆ.

ಗ್ವಾಡಲೂಪೆ ಮಾತೆಗೂ ಅಜ್ಟೆಕ್ ದೇವತೆಗೂ ಸಂಬಂಧ ಇದೆಯಾ?

1531ರ ಡಿಸೆಂಬರ್‌ನಲ್ಲಿ ಟೆಪೆಯಾಕ್ ಗುಡ್ಡದಲ್ಲಿ ಹುವಾನ್ ದಿಯೆಗೊ ಎಂಬ ಸ್ಥಳೀಯನಿಗೆ ಮೇರಿ ಮಾತೆ ಕಾಣಿಸಿಕೊಂಡು ನಾವಾಟ್ಲ್‌ನಲ್ಲಿ ಮಾತಾಡಿದಳು ಅನ್ನುವುದು ಭಕ್ತರ ನಂಬಿಕೆ. ಅವಳೇ ಗ್ವಾಡಲೂಪೆ ಮಾತೆ. ಅದೇ ಗುಡ್ಡದಲ್ಲಿ ಮೊದಲು 'ನಮ್ಮ ತಾಯಿ' ಟೊನಾಂಟ್ಸಿನ್‌ಳ ಗುಡಿ ಇತ್ತು. ಜನ ಹಳೆ ದೇವತೆಯ ಹೆಸರು ಹೇಳಿಕೊಂಡೇ ಬರುತ್ತಾರೆ ಅಂತ ಸಹಗುನ್ ಆಗಲೇ ಅನುಮಾನ ಪಟ್ಟು ಬರೆದಿದ್ದಾನೆ. 1810ರಲ್ಲಿ ಸ್ಪೇನ್ ವಿರುದ್ಧ ದಂಗೆ ಎದ್ದ ಮಿಗೆಲ್ ಇದಾಲ್ಗೊ ಹಿಡಿದ ಧ್ವಜ ಗ್ವಾಡಲೂಪೆಯದ್ದೇ. ಹುವಾನ್ ದಿಯೆಗೊ 2002ರಲ್ಲಿ ಸಂತನಾದ. ಪ್ರತಿ ಡಿಸೆಂಬರ್ 12ಕ್ಕೆ ಅಲ್ಲಿ ಲಕ್ಷಾಂತರ ಜನ, ಹಲವರು ಗರಿ ಕಿರೀಟ ತೊಟ್ಟು ಕುಣಿಯುತ್ತಾರೆ. ಇದನ್ನು ಸುಮ್ನೆ 'ಮತಾಂತರ' ಎಂದು ಒಂದು ಪದದಲ್ಲಿ ಮುಗಿಸಿದರೆ ಜನ ಏನನ್ನು ಉಳಿಸಿಕೊಂಡರು ಅನ್ನುವುದೇ ಕಾಣುವುದಿಲ್ಲ.

ನಾವಾಟ್ಲ್ ಭಾಷೆ ಸತ್ತಿದೆಯಾ?

ಇಲ್ಲ! ಮೆಕ್ಸಿಕೊದ 2020ರ ಜನಗಣತಿ ಪ್ರಕಾರ 16 ಲಕ್ಷಕ್ಕೂ ಹೆಚ್ಚು ಜನ ಮಾತಾಡುತ್ತಾರೆ. ವಸಾಹತು ಕಾಲದಲ್ಲಿ ಉಯಿಲು, ಜಮೀನು ವ್ಯಾಜ್ಯ, ಊರ ಲೆಕ್ಕ ಎಲ್ಲ ಅದರಲ್ಲೇ ನಡೆಯುತ್ತಿತ್ತು. 17ನೇ ಶತಮಾನದ ಶುರುವಿನಲ್ಲಿ ಚಿಮಾಲ್ಪಾಯಿನ್ ಎಂಬ ಇತಿಹಾಸಕಾರ ಮೆಕ್ಸಿಕೊ ಸಿಟಿಗೆ ಜಪಾನಿನ ನಿಯೋಗ ಬಂದಿದ್ದನ್ನು ಕೂಡ ನಾವಾಟ್ಲ್‌ನಲ್ಲಿ ಬರೆದಿಟ್ಟಿದ್ದಾನೆ. ಭಾಷೆಗೆ ನಿಜವಾದ ಪೆಟ್ಟು ಬಿದ್ದಿದ್ದು ಸ್ವಾತಂತ್ರ್ಯದ ನಂತರ, ಶಾಲೆಗಳಲ್ಲಿ ಸ್ಪ್ಯಾನಿಷ್ ಒಂದನ್ನೇ ಹೇರಿದಾಗ.

ಟೆನೊಚ್ಟಿಟ್ಲಾನ್ ಈಗ ಕಾಣಿಸುತ್ತದೆಯಾ?

ಮೆಕ್ಸಿಕೊ ಸಿಟಿಯ ಕೆಳಗೇ ಇದೆ. ಸ್ಪೇನಿನವರು ದೇವಸ್ಥಾನ ಕೆಡವಿ, ಅದರ ಕಲ್ಲಿನಿಂದಲೇ ಪಕ್ಕದಲ್ಲಿ ಚರ್ಚ್ ಕಟ್ಟಿದರು. 1790ರಲ್ಲಿ ಮುಖ್ಯ ಚೌಕದಲ್ಲಿ ಪ್ರಸಿದ್ಧ ಸೂರ್ಯಶಿಲೆ ಸಿಕ್ಕಿತು, ತೂಕ ಸುಮಾರು 24 ಟನ್. 1978ರ ಫೆಬ್ರವರಿಯಲ್ಲಿ ವಿದ್ಯುತ್ ಕಂಪನಿಯ ಕೆಲಸಗಾರರು ಕೇಬಲ್‌ಗೆ ಅಗೆಯುವಾಗ ಚಂದ್ರದೇವತೆ ಕೊಯೊಲ್ಶಾವ್ಕಿಯ ದೊಡ್ಡ ದುಂಡು ಕಲ್ಲು ಸಿಕ್ಕಿ, ಪುರಾತತ್ವಜ್ಞ ಎಡ್ವಾರ್ಡೊ ಮಾಟೊಸ್ ಮೊಕ್ಟೆಜುಮಾ ನೇತೃತ್ವದಲ್ಲಿ ಮಹಾದೇವಾಲಯದ ಅವಶೇಷಗಳು ಹೊರಬಂದವು. ಪಿನೊ ಸ್ವಾರೆಸ್ ಮೆಟ್ರೊ ನಿಲ್ದಾಣದೊಳಗೆ ವಾಯುದೇವರ ಪುಟ್ಟ ಗುಡಿ ಹಾಗೇ ಇದೆ, ದಿನವೂ ಸಾವಿರಾರು ಜನ ಪಕ್ಕದಲ್ಲೇ ಓಡಾಡುತ್ತಾರೆ. ಶೊಚಿಮಿಲ್ಕೊದಲ್ಲಿ ಚಿನಾಂಪಾ ಹೊಲಗಳು ಇನ್ನೂ ಇವೆ. ಸರೋವರವನ್ನು ಮಾತ್ರ ಶತಮಾನಗಳ ಕಾಲ ಬಸಿದು ಬಸಿದು ಒಣಗಿಸಿದರು. ಈಗ ನಗರ ಆ ಮೆತ್ತನೆ ಮಣ್ಣಿನಲ್ಲಿ ಕುಸಿಯುತ್ತಿದೆ, ಜೊತೆಗೆ ಕುಡಿಯುವ ನೀರಿಗೂ ಪರದಾಟ.

ಆ ಕಾಲದಲ್ಲಿ ನಮ್ಮ ಕಡೆ ಏನು ನಡೆಯುತ್ತಿತ್ತು? ಏನಾದರೂ ಸಂಬಂಧ ಇದೆಯಾ?

ಅಲ್ವರಾಡೊ ಹಬ್ಬದ ಅಂಗಳದಲ್ಲಿ ಜನರನ್ನು ಕೊಂದ ಅದೇ 1520ರ ಮೇ ತಿಂಗಳಲ್ಲಿ ಕೃಷ್ಣದೇವರಾಯ ಬಿಜಾಪುರದ ಆದಿಲ್ ಶಾಹಿ ಸೇನೆಯನ್ನು ರಾಯಚೂರಿನಲ್ಲಿ ಸೋಲಿಸಿದ. ಅಲ್ಲೂ ಪೋರ್ಚುಗೀಸ್ ಬಂದೂಕುಗಾರರ ಒಂದು ಗುಂಪು ರಾಯರ ಪರ ಇತ್ತು. ಎರಡು ಘಟನೆಗೆ ನೇರ ಸಂಬಂಧ ಏನಿಲ್ಲ, ಕಾಲ ಮಾತ್ರ ಒಂದೇ.

ನಿಜವಾದ ಸಂಬಂಧ ಇರುವುದು ಗಿಡಗಳಲ್ಲಿ. ಬ್ಯಾಡಗಿ ಮೆಣಸಿನಕಾಯಿಯ ಜಾತಿಯನ್ನು ಮೊದಲು ಬೆಳೆಸಿದ್ದು ಮೆಕ್ಸಿಕೊ ನೆಲದ ರೈತರು. ಟೊಮೆಟೊ, ಸಪೋಟ, ವೆನಿಲ್ಲಾ ಕೂಡ ಆ ಕಡೆಯವರ ಕೃಷಿಯಿಂದಲೇ ಬಂದವು. ಇವೆಲ್ಲ ಕೊರ್ಟೆಸ್ ತಂದಿದ್ದಲ್ಲ. ಮೆಣಸಿನಕಾಯಿ ಕೊಲಂಬಸ್ ಕಾಲದಲ್ಲೇ ಯುರೋಪು ಕಂಡಿತ್ತು, ನಮ್ಮ ಪಶ್ಚಿಮ ಕರಾವಳಿಗೆ ಪೋರ್ಚುಗೀಸರ ಹಡಗಿನಲ್ಲಿ ಬಂತು. ಆಯುಧಪೂಜೆಗೆ ಗಾಡಿಗೆ ಕಟ್ಟುವ ಚೆಂಡು ಹೂವೂ ಅಲ್ಲಿಯದೇ. ಅಲ್ಲಿ ನವೆಂಬರ್ 1 ಮತ್ತು 2ರಂದು ಸತ್ತ ಹಿರಿಯರಿಗೆ ಇಡುವ ಎಡೆಯ ಸುತ್ತ ಅದೇ ಹೂವನ್ನು ರಾಶಿ ಹಾಕುತ್ತಾರೆ.

ಸ್ಪೇನ್ ಕ್ಷಮೆ ಕೇಳಿದೆಯಾ?

2019ರಲ್ಲಿ ಮೆಕ್ಸಿಕೊ ಅಧ್ಯಕ್ಷ ಲೋಪೆಸ್ ಒಬ್ರಾಡೋರ್ ಸ್ಪೇನಿನ ರಾಜನಿಗೆ ಪತ್ರ ಬರೆದು ಕ್ಷಮೆ ಕೇಳುವಂತೆ ಹೇಳಿದರು. ಸ್ಪೇನ್ ಸರ್ಕಾರ ಖಡಾಖಂಡಿತವಾಗಿ ತಿರಸ್ಕರಿಸಿತು. 2024ರಲ್ಲಿ ಅವರ ನಂತರ ಅಧ್ಯಕ್ಷೆಯಾದ ಕ್ಲೌಡಿಯಾ ಶೇನ್‌ಬೌಮ್ ತಮ್ಮ ಪ್ರಮಾಣವಚನಕ್ಕೆ ರಾಜನನ್ನು ಕರೆಯಲೇ ಇಲ್ಲ, ಸ್ಪೇನಿನ ಸರ್ಕಾರ ಸಿಟ್ಟಾಗಿ ಯಾರನ್ನೂ ಕಳಿಸಲಿಲ್ಲ.

ಕ್ಷಮೆ ಕೇಳಿದರೆ ಒಳ್ಳೆಯದೇ ಅಂತ ನನ್ನ ಅಭಿಪ್ರಾಯ. ಆದರೆ ನಾವಾಟ್ಲ್ ಮಾತಾಡುವ ಹಳ್ಳಿಗಳ ಜಮೀನು, ನೀರು, ಶಾಲೆ ಇವುಗಳ ವಿಷಯಕ್ಕೆ ಉತ್ತರ ಕೊಡಬೇಕಾದದ್ದು ಮೆಕ್ಸಿಕೊ ಸರ್ಕಾರ. ಟ್ಲಾಟೆಲೊಲ್ಕೊದ ಚೌಕದಲ್ಲಿ ಒಂದು ಕಲ್ಲುಫಲಕ ಇದೆ. 1521ರ ಆಗಸ್ಟ್ 13ರಂದು ನಡೆದಿದ್ದು ಗೆಲುವೂ ಅಲ್ಲ, ಸೋಲೂ ಅಲ್ಲ, ಇವತ್ತಿನ ಮೆಕ್ಸಿಕೊದ ಮಿಶ್ರ ಜನಾಂಗದ ನೋವಿನ ಹುಟ್ಟು ಎಂದು ಅದರಲ್ಲಿ ಬರೆದಿದೆ. ಸಾಲು ಚೆನ್ನಾಗಿದೆ, ಆದರೆ ಇವತ್ತಿಗೂ ತಮ್ಮನ್ನು ನಾವಾ ಎಂದೇ ಕರೆದುಕೊಳ್ಳುವವರಿಗೆ ಅದರಲ್ಲಿ ಜಾಗ ಇಲ್ಲ. ನನಗೆ ಅದು ಒಪ್ಪಿಗೆಯಿಲ್ಲ.

ಕೊರ್ಟೆಸ್ ಸಮಾಧಿ ಎಲ್ಲಿದೆ?

1547ರಲ್ಲಿ ಸ್ಪೇನಿನ ಸೆವಿಲ್ ಹತ್ತಿರ ಸತ್ತ. ಮೂಳೆಗಳು ಮೆಕ್ಸಿಕೊ ಸಿಟಿಯಲ್ಲಿ, ಅವನೇ ಸ್ಥಾಪಿಸಿದ ಹೆಸುಸ್ ಆಸ್ಪತ್ರೆಯ ಪಕ್ಕದ ಚರ್ಚಿನ ಗೋಡೆಯೊಳಗಿವೆ. ಸ್ವಾತಂತ್ರ್ಯ ಬಂದಾಗ ಜನ ಒಡೆದುಹಾಕುತ್ತಾರೆ ಅಂತ ಹೆದರಿ 1823ರಲ್ಲಿ ಬಚ್ಚಿಟ್ಟಿದ್ದರು, 1946ರಲ್ಲಿ ಮತ್ತೆ ಸಿಕ್ಕವು. ಗೋಡೆಯ ಮೇಲೆ ಹೆಸರು, ಇಸವಿ ಇರುವ ಸಣ್ಣ ಫಲಕ ಅಷ್ಟೇ. ಆಸ್ಪತ್ರೆ ಇನ್ನೂ ನಡೆಯುತ್ತಿದೆ.

ಇನ್ನೂ ತಿಳಿಯಬೇಕು, ಎಲ್ಲಿಂದ ಶುರು ಮಾಡಲಿ?

ಫ್ಲೋರೆಂಟೈನ್ ಕೋಡೆಕ್ಸ್‌ನಿಂದಲೇ. 2023ರಿಂದ ಇಡೀ ಕೋಡೆಕ್ಸ್ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ, ಇಂಗ್ಲಿಷ್ ಅನುವಾದವೂ ಇದೆ. ಮೊದಲು 12ನೇ ಪುಸ್ತಕ ತೆರೆಯಿರಿ. ಸಿಡುಬಿನ ಪುಟ ಹುಡುಕಿ, ಆಮೇಲೆ ಟೋಶ್ಕಾಟ್ಲ್ ಹಬ್ಬದ ಪುಟ. ಅದಾದ ಮೇಲೆ 11ನೇ ಪುಸ್ತಕಕ್ಕೆ ಹೋಗಿ ಹಕ್ಕಿಗಳನ್ನು ನೋಡಿ, ಅಲ್ಲಿ ಬಣ್ಣ ಇನ್ನೂ ಇದೆ. ಕೊರ್ಟೆಸ್‌ನ ಪತ್ರಗಳನ್ನು ಅದರ ನಂತರ ಓದಿದರೆ ಅವನು ಏನನ್ನು ಬಿಟ್ಟಿದ್ದಾನೆ ಅಂತ ನಿಮಗೇ ಗೊತ್ತಾಗುತ್ತದೆ.